ಆಟಕ್ಕೂ ಒಬ್ಬ ಮೇಸ್ತ್ರಿ

(ಭದ್ರಾವತಿಯಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಮ್ಮ ಅಜ್ಜಿಯ ಒಂದು ಮಾತಿನಿಂದ ಶುರು ಮಾಡುತ್ತೇನೆ. ಅಮ್ಮನ ತವರು ಸೊರಬದ ಕಡೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಆ ಊರಿಗೆ ಮೊದಲ ಸಲ ವಾಲಿಬಾಲ್ ಬಂತು. ಅಡಿಕೆ ಒಣಗಿಸುವ ಅಂಗಳದಲ್ಲೇ ಎರಡು ಅಡಿಕೆ ಮರದ ಕಂಬ ನೆಟ್ಟು ನೆಟ್ ಕಟ್ಟಿದ್ದರು. ಸುತ್ತ ಸುಣ್ಣದ ಗೆರೆ. ಪೀಪಿ ಊದಲು ಪಕ್ಕದೂರಿನ ಪಿ.ಟಿ. ಮೇಷ್ಟ್ರು. ಅಜ್ಜಿ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಅರ್ಧ ಗಂಟೆ ನೋಡಿದಳು. ಮೇಷ್ಟ್ರು ಪೀಪಿ ಊದಿದಾಗಲೆಲ್ಲ ಹನ್ನೆರಡು ಜನ ಗಟ್ಟಿ ಆಳುಗಳು ಗಪ್‌ಚಿಪ್ ಆಗಿ ನಿಂತುಬಿಡುತ್ತಿದ್ದರು. ಕೊನೆಗೆ ನನ್ನನ್ನು ಹತ್ತಿರ ಕರೆದು ಕೇಳಿದಳು: "ಅಲ್ಲೋ, ಆಟ ಆಡಕ್ಕೂ ಒಬ್ಬ ಮೇಸ್ತ್ರಿ ಬೇಕಾ?"

ಮೇಸ್ತ್ರಿ ಅಂದರೆ ನಿಮಗೆ ಗೊತ್ತು. ಆಳುಗಳು ಎಷ್ಟೊತ್ತಿಗೆ ಬಂದರು, ಎಷ್ಟೊತ್ತಿಗೆ ಹೋದರು, ಯಾರು ಕೆಲಸ ಕದ್ದರು ಅಂತ ನೋಡುವವನು. ಆಗ ನಾನು ನಕ್ಕುಬಿಟ್ಟೆ. ಮುಂದೆ ಇತಿಹಾಸದ ಮೇಷ್ಟ್ರಾಗಿ ಕೈಗಾರಿಕಾ ಕ್ರಾಂತಿಯ ಪಾಠ ಮಾಡುವಾಗಲೇ ಅಜ್ಜಿ ಕೇಳಿದ್ದು ಎಂಥ ಪ್ರಶ್ನೆ ಅಂತ ಹೊಳೆದದ್ದು. ಆಟಕ್ಕೆ ಗಡಿಯಾರ ಯಾವಾಗ ಬಂತು? ಗೆರೆ ಯಾವಾಗ ಬಂತು? ಪೀಪಿ ಹಿಡಿದ ಮನುಷ್ಯ ಒಳಗೆ ಬಂದು ನಿಂತದ್ದು ಯಾವಾಗ? ಇವತ್ತು ಹೇಳಬೇಕಿರುವುದು ಇಷ್ಟೇ. ನಾವು ಈಗ ಕ್ರೀಡೆ ಅನ್ನುವುದು ಕಾರ್ಖಾನೆಯ ಮಗು. ಮತ್ತೆ, ಆಟ ಮೊದಲು ಸಿಕ್ಕಿದ್ದು ಜಾಸ್ತಿ ಶಕ್ತಿ ಇದ್ದವನಿಗಲ್ಲ, ಬಿಡುವು ಸಿಕ್ಕವನಿಗೆ.

ಭದ್ರಾವತಿಯಲ್ಲಿ ನಿಂತು ಇದನ್ನು ಹೇಳುವುದು ಸುಲಭ. ಬೆಂಕಿಪುರ ಅಂತ ಕರೆಸಿಕೊಳ್ಳುತ್ತಿದ್ದ ಊರು ಇದು. 1923ರಲ್ಲಿ ಇಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿತು. ನಮ್ಮಪ್ಪ ಅಲ್ಲೇ ಇದ್ದರು. ಫಸ್ಟ್ ಶಿಫ್ಟ್ ಇದ್ದ ವಾರ ಅವರು ಎರಡು ಗಂಟೆಗೆ ಬಿಡುಗಡೆ. ಸೈರನ್ ಕೂಗಿದ ಐದು ನಿಮಿಷಕ್ಕೆ ರಸ್ತೆ ತುಂಬಾ ಸೈಕಲ್. ಮನೆಗೆ ಬಂದು ಉಂಡು, ಒಂದು ಸಣ್ಣ ನಿದ್ದೆ ತೆಗೆದು, ನಾಲ್ಕಕ್ಕೆ ಗ್ರೌಂಡಿನಲ್ಲಿ ಇರುತ್ತಿದ್ದರು. ನಮ್ಮ ಬೀದಿಯ ಹುಡುಗರ ಕ್ರಿಕೆಟ್ಟೂ ಸೈರನ್ ಲೆಕ್ಕದಲ್ಲೇ ನಡೆಯುತ್ತಿತ್ತು. "ಸೈರನ್ ಆಗೋವರೆಗೆ ನಿಮ್ಮ ಬ್ಯಾಟಿಂಗ್" ಅನ್ನುತ್ತಿದ್ದೆವು.

ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋದರೆ ಇದೆಲ್ಲ ಇಲ್ಲ. ಅಲ್ಲಿ ಚಿನ್ನಿದಾಂಡು. ಎಷ್ಟು ಜನ? ಬಂದಷ್ಟು ಜನ. ಎಷ್ಟು ಹೊತ್ತು? ಹಸು ಕೊಟ್ಟಿಗೆಗೆ ಬರುವವರೆಗೆ. ಚಿನ್ನಿ ಎಷ್ಟು ದೂರ ಹೋಯ್ತು ಅಂತ ಅಳೆಯುವುದು ಯಾವುದರಿಂದ? ಆ ದಾಂಡಿನಿಂದಲೇ. ನಿಮ್ಮ ದಾಂಡು ಮೊಳದುದ್ದ, ಆಚೆ ಕೇರಿಯದ್ದು ಗೇಣು ಜಾಸ್ತಿ. ಹಾಗಾದರೆ ಯಾರು ದೊಡ್ಡ ಆಟಗಾರ? ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಆಚೆ ಕೇರಿಯವರ ಜೊತೆ ನಾವು ಆಡುತ್ತಲೇ ಇರಲಿಲ್ಲವಲ್ಲ. ಒಂದೇ ಹುಡುಗ, ಹತ್ತು ತಿಂಗಳು ಸೈರನ್ ಹೊತ್ತಿನಲ್ಲಿ ಆಡುತ್ತಿದ್ದ, ಎರಡು ತಿಂಗಳು ಹಸುವಿನ ಹೊತ್ತಿನಲ್ಲಿ.

ಇಂಗ್ಲೆಂಡೂ ಮೊದಲು ಸೊರಬದ ಹಾಗೇ ಇತ್ತು. ಅಲ್ಲಿಯ ಹಳೆಯ ಫುಟ್‌ಬಾಲ್ ಹಬ್ಬದ ಆಟ. ಊರಿಗೆ ಊರೇ ಎರಡು ಪಾಲಾಗಿ ಚೆಂಡಿಗಾಗಿ ಮುಗಿಬೀಳುತ್ತಿತ್ತು. ಆಶ್‌ಬೋರ್ನ್ ಅನ್ನುವ ಊರಲ್ಲಿ ಅದು ಇವತ್ತಿಗೂ ನಡೆಯುತ್ತದೆ. ಎರಡು ಗೋಲುಗಳ ನಡುವೆ ಸುಮಾರು ಮೂರು ಮೈಲಿ. ಹೊಳೆಯಲ್ಲಿ ಬಿದ್ದರೂ ಆಟ ನಿಲ್ಲುವುದಿಲ್ಲ. ಎರಡು ದಿನದ ಆಟ. ಶಿಕಾರಿಪುರ, ಸೊರಬದ ಕಡೆ ದೀಪಾವಳಿ ಆದ ಮೇಲೆ ಹೋರಿ ಬೆದರಿಸುವ ಹಬ್ಬ ನೋಡಿದ್ದೀರಲ್ಲ? ಕೊಬ್ಬರಿ ಸರ ಕಟ್ಟಿಕೊಂಡು ಹೋರಿ ನುಗ್ಗುತ್ತದೆ, ಕೀಳಲು ಜನ ನುಗ್ಗುತ್ತಾರೆ. ಆಡುವವರು ಯಾರು, ನೋಡುವವರು ಯಾರು ಅಂತ ಹೇಳಲು ಬರುವುದಿಲ್ಲ. ಅಂಥದ್ದೇ.

ಕಾರ್ಖಾನೆಗಳು ಎದ್ದ ಮೇಲೆ ಇದು ಸರಿಬರಲಿಲ್ಲ. ಮಾಲೀಕನ ಯಂತ್ರ ಓಡುತ್ತಿರಬೇಕು. ಆಳುಗಳು ಹಬ್ಬ ಅಂತ ಎರಡು ದಿನ ನಾಪತ್ತೆಯಾದರೆ ಏನು ಗತಿ? 1835ರ ಒಂದು ಕಾನೂನು ಹೆದ್ದಾರಿಯಲ್ಲಿ ಫುಟ್‌ಬಾಲ್ ಆಡಿದರೆ ದಂಡ ಅಂದಿತು. ಡರ್ಬಿ ಊರಿನ ಹಬ್ಬದಾಟವನ್ನು 1840ರ ದಶಕದಲ್ಲಿ ಸೈನ್ಯ ಕರೆಸಿ ಅಡಗಿಸಿದರು. ಊರ ಗೋಮಾಳಗಳಿಗೆ ಬೇಲಿ ಬಿದ್ದು, ಆಡಲು ಜಾಗವೂ ಹೋಯಿತು. ಗೋಮಾಳ ಹೋಗುವುದು ಅಂದರೆ ಏನು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಒಂದು ತಮಾಷೆ ಹೇಳುತ್ತೇನೆ. ಆ ಕಾಲದ ಇಂಗ್ಲೆಂಡಿನ ಕುಶಲಕರ್ಮಿಗಳು ಸೋಮವಾರ ಕೆಲಸಕ್ಕೆ ಹೋಗುತ್ತಿರಲಿಲ್ಲ. ಭಾನುವಾರ ಕುಡಿದದ್ದು ಇಳಿಯಬೇಕಲ್ಲ. ಅದಕ್ಕೆ 'ಸಂತ ಸೋಮವಾರ' ಅಂತ ಹೆಸರಿಟ್ಟು, ಯಾವುದೋ ಸಂತನ ಹಬ್ಬ ಅನ್ನುವ ಹಾಗೆ ಆಚರಿಸುತ್ತಿದ್ದರು. ನಮ್ಮಲ್ಲೂ ಸೋಮವಾರ ಎತ್ತು ಹೂಡುವುದಿಲ್ಲ, ಬಸವನ ದಿನ ಅಂತ. ನಮ್ಮಲ್ಲಿ ಬಿಡುವು ಎತ್ತಿಗೆ, ಅಲ್ಲಿ ಮನುಷ್ಯರಿಗೆ. ಮಾಲೀಕರಿಗೆ ಈ ಸೋಮವಾರ ತಲೆನೋವಾಗಿತ್ತು. ಕೊನೆಗೆ ಒಂದು ರಾಜಿ ಆಯಿತು. ವಾರವೆಲ್ಲ ಸರಿಯಾಗಿ ಬನ್ನಿ, ಶನಿವಾರ ಮಧ್ಯಾಹ್ನ ಬಿಟ್ಟುಬಿಡುತ್ತೇವೆ. 1850ರ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಗಳಲ್ಲಿ ಹೆಂಗಸರು ಮತ್ತು ಹರೆಯದವರ ಶನಿವಾರದ ಕೆಲಸ ಮಧ್ಯಾಹ್ನ ಎರಡಕ್ಕೆ ನಿಲ್ಲಬೇಕು ಅಂದಿತು. ಅವರು ಎದ್ದು ಹೋದರೆ ಗಂಡಸರೊಬ್ಬರಿಂದಲೇ ಗಿರಣಿ ನಡೆಯುತ್ತಾ? ನಿಧಾನಕ್ಕೆ ಅವರಿಗೂ ಬಿಡುವು ಸಿಕ್ಕಿತು.

ಈಗ ಲೆಕ್ಕ ಹಾಕಿ. ಎರಡಕ್ಕೆ ಗಿರಣಿ ಬಿಡುತ್ತದೆ. ಕೈಕಾಲು ತೊಳೆದು, ಏನೋ ಒಂದಿಷ್ಟು ತಿಂದು, ಮೈದಾನಕ್ಕೆ ನಡೆದು ಹೋಗಲು ಒಂದು ಗಂಟೆ. ಇಂಗ್ಲಿಷ್ ಫುಟ್‌ಬಾಲ್ ಇವತ್ತಿಗೂ ಶನಿವಾರ ಮೂರು ಗಂಟೆಗೆ ಶುರುವಾಗುವುದು ಇದೇ ಲೆಕ್ಕದಲ್ಲಿ. ಈಗ ಟಿವಿ ಕೇಳಿದ ಹೊತ್ತಿಗೆಲ್ಲ ಆಡುತ್ತಾರೆ, ಆದರೂ ಶನಿವಾರ ಮೂರು ಗಂಟೆ ಅಂದರೆ ಅಲ್ಲಿಯವರಿಗೆ ಮುಹೂರ್ತ ಇದ್ದ ಹಾಗೆ.

ಇಲ್ಲಿ ಕೂತ ಅರ್ಧಕ್ಕರ್ಧ ಹುಡುಗರು ಮೊಬೈಲಿನಲ್ಲಿ ಈ ತಂಡಗಳನ್ನು ನೋಡುವವರು. ಮ್ಯಾಂಚೆಸ್ಟರ್ ಯುನೈಟೆಡ್ ಎಲ್ಲಿಂದ ಬಂತು? 1878ರಲ್ಲಿ ಒಂದು ರೈಲ್ವೆ ಕಂಪನಿಯ ಬೋಗಿ ರಿಪೇರಿ ವಿಭಾಗದ ಕೆಲಸಗಾರರು ಕಟ್ಟಿದ್ದು. ಆಗ ಅದರ ಹೆಸರು ನ್ಯೂಟನ್ ಹೀತ್. ಆರ್ಸೆನಲ್? 1886ರಲ್ಲಿ ವೂಲಿಚ್‌ನ ಮದ್ದುಗುಂಡಿನ ಕಾರ್ಖಾನೆಯವರದ್ದು. ಅವರ ಲಾಂಛನದಲ್ಲಿ ಫಿರಂಗಿ ಇರುವುದು ಸುಮ್ನೆ ಅಲ್ಲ. ವೆಸ್ಟ್ ಹ್ಯಾಮ್ 1895ರಲ್ಲಿ ಹಡಗು ಕಟ್ಟುವ ಥೇಮ್ಸ್ ಐರನ್‌ವರ್ಕ್ಸ್‌ನವರು ಶುರು ಮಾಡಿದ್ದು. ಅವರ ಅಂಗಿಯ ಮೇಲಿನ ಆ ಎರಡು ಸುತ್ತಿಗೆ ನೋಡಿ. ಹಡಗಿನ ತಗಡಿಗೆ ರಿವೆಟ್ ಬಡಿಯುವ ಸುತ್ತಿಗೆ ಅದು. ನಿಮ್ಮ ಅಜ್ಜಂದಿರ ಕೈಯಲ್ಲೂ ಅಂಥ ಸುತ್ತಿಗೆ ಇದ್ದವು.

ನಿಯಮಗಳ ಕಥೆ ಬೇರೆ. ಅದನ್ನು ತಂದದ್ದು ರೈಲು. ಲಗೋರಿ ತೆಗೆದುಕೊಳ್ಳಿ. ಏಳು ಕಲ್ಲೋ ಒಂಬತ್ತೋ? ಚೆಂಡು ಒಂದು ಪುಟ ಬಿದ್ದ ಮೇಲೆ ಹಿಡಿದರೆ ಔಟೋ ಅಲ್ಲವೋ? ಊರಿಗೊಂದು ರೂಲ್ಸು. ತೊಂದರೆ ಏನೂ ಇಲ್ಲ, ಪಕ್ಕದ ಊರಿನವರು ಆಡಲು ಬರುವವರೆಗೆ. ಇಂಗ್ಲೆಂಡಿನಲ್ಲಿ ಶಾಲೆಗೊಂದು ಫುಟ್‌ಬಾಲ್ ಇತ್ತು. ಒಂದು ಕಡೆ ಚೆಂಡು ಕೈಯಲ್ಲಿ ಹಿಡಿದು ಓಡಬಹುದು, ಇನ್ನೊಂದು ಕಡೆ ಮುಟ್ಟಿದರೆ ತಪ್ಪು. ರೈಲು ಬಂದ ಮೇಲೆ ನೂರು ಮೈಲಿ ಆಚೆಯ ತಂಡ ಬೆಳಿಗ್ಗೆ ಹತ್ತಿ ಮಧ್ಯಾಹ್ನಕ್ಕೆ ಇಳಿಯುತ್ತಿತ್ತು. ಇಳಿದ ಮೇಲೆ ಜಗಳ. ಒಂದರ್ಧ ನಿಮ್ಮ ನಿಯಮ, ಇನ್ನೊಂದರ್ಧ ನಮ್ಮ ನಿಯಮ ಅಂತ ಆಡಿದ್ದೂ ಉಂಟು. 1863ರ ಅಕ್ಟೋಬರ್ 26ರಂದು ಲಂಡನ್ನಿನ ಒಂದು ಹೆಂಡದಂಗಡಿಯಲ್ಲಿ ಕೆಲವು ಕ್ಲಬ್ಬುಗಳವರು ಸೇರಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದರು. ಕೈಯಲ್ಲಿ ಹಿಡಿದು ಓಡುವವರು ಮುನಿಸಿಕೊಂಡು ದೂರ ಉಳಿದು 1871ರಲ್ಲಿ ತಮ್ಮದೇ ರಗ್ಬಿ ಯೂನಿಯನ್ ಮಾಡಿಕೊಂಡರು.

ಸಾಮಾನುಗಳೂ ಕಾರ್ಖಾನೆಯಿಂದಲೇ ಬಂದವು. ಹಂದಿಯ ಮೂತ್ರಚೀಲ ಊದಿ ಮಾಡುತ್ತಿದ್ದ ಚೆಂಡಿನೊಳಗೆ ರಬ್ಬರ್ ಬ್ಲಾಡರ್ ಬಂತು. ನನಗೆ ತುಂಬಾ ಇಷ್ಟವಾದದ್ದು ಹುಲ್ಲು ಕತ್ತರಿಸುವ ಯಂತ್ರದ ಕಥೆ. ಸ್ಟ್ರೌಡ್ ಎನ್ನುವ ಊರು ಉಣ್ಣೆ ಬಟ್ಟೆಗೆ ಹೆಸರಾದದ್ದು. ಅಲ್ಲಿಯ ಗಿರಣಿಗಳಲ್ಲಿ ನೇಯ್ದ ಬಟ್ಟೆಯ ಮೇಲೆ ಎದ್ದ ಜುಂಗನ್ನು ಸಮ ಮಾಡಲು ಒಂದು ಸುತ್ತುವ ಬ್ಲೇಡಿನ ಯಂತ್ರ ಇತ್ತು. ಎಡ್ವಿನ್ ಬಡ್ಡಿಂಗ್ ಅನ್ನುವವನಿಗೆ ಅದನ್ನು ನೋಡಿ, ಬಟ್ಟೆಯ ಜುಂಗು ಕತ್ತರಿಸುವುದಾದರೆ ಭೂಮಿಯ ಜುಂಗು ಯಾಕೆ ಆಗಬಾರದು ಅನ್ನಿಸಿತು. 1830ರಲ್ಲಿ ಮೊದಲ ಲಾನ್ ಮೋವರ್ ಆಯಿತು. ಅದಕ್ಕೂ ಮೊದಲು ಕುಡುಗೋಲು, ಇಲ್ಲವೇ ಕುರಿ. ಲಾರ್ಡ್ಸ್ ಮೈದಾನದಲ್ಲೇ ಹುಲ್ಲು ಮೇಯಲು ಕುರಿ ಬಿಡುತ್ತಿದ್ದರು. ಚೆಂಡು ಪುಟಿಯುವುದು ಕುರಿಯ ಹಲ್ಲಿನ ಮೇಲೆ ನಿಂತಿದ್ದಾಗ ಕವರ್ ಡ್ರೈವ್‌ಗೆ ಎಷ್ಟು ಬೆಲೆ ಇದ್ದೀತು? ನಿಮ್ಮೂರಲ್ಲೇ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್‌ಗೂ ಆ ಗಿರಣಿ ಯಂತ್ರಕ್ಕೂ ಒಂದು ದೂರದ ನೆಂಟಸ್ತಿಕೆ ಇದೆ ಅಂತ ನಾನು ಹೇಳುತ್ತಿರುತ್ತೇನೆ.

ಇನ್ನು ಪೀಪಿ. ಮೊದಲು ಫುಟ್‌ಬಾಲಿನಲ್ಲಿ ಎರಡೂ ತಂಡಗಳು ಒಬ್ಬೊಬ್ಬ ಅಂಪೈರನ್ನು ತರುತ್ತಿದ್ದವು. ಅವರಿಬ್ಬರಿಗೂ ಒಪ್ಪಿಗೆಯಾಗದಿದ್ದರೆ ಮಾತ್ರ ಗೆರೆಯಾಚೆ ನಿಂತ ರೆಫ್ರಿಯನ್ನು ಕೇಳುವುದು. 1891ರಲ್ಲಿ ರೆಫ್ರಿ ಮೈದಾನದ ಒಳಗೇ ಬಂದ. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಹಡ್ಸನ್ 1880ರ ದಶಕದಲ್ಲಿ ಲಂಡನ್ ಪೊಲೀಸರಿಗೆ ಪೀಪಿ ಮಾಡಿಕೊಟ್ಟಿದ್ದ. ಅವನ ಕಾರ್ಖಾನೆಯ ಪೀಪಿಗಳೇ ರೆಫ್ರಿಗಳ ಬಾಯಿಗೂ ಬಂದವು. ಅಜ್ಜಿ ಮೇಸ್ತ್ರಿ ಅಂದಳು. ಪೊಲೀಸ್ ಅಂದಿದ್ದರೂ ತಪ್ಪಾಗುತ್ತಿರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಕೇಳಿದರೆ ಎಲ್ಲ ಸುಸೂತ್ರವಾಗಿ ನಡೆಯಿತು ಅನ್ನಿಸುತ್ತದೆ. ಹಾಗಿಲ್ಲ. ಆಟ ಯಾರದ್ದು ಅಂತ ದೊಡ್ಡ ಜಗಳವೇ ಆಯಿತು.

1883ರ ಎಫ್.ಎ. ಕಪ್, ಅಂದರೆ ಆ ಫುಟ್‌ಬಾಲ್ ಅಸೋಸಿಯೇಷನ್ ನಡೆಸುವ ಕಪ್ಪಿನ ಫೈನಲ್. ಒಂದು ಕಡೆ ಓಲ್ಡ್ ಇಟೋನಿಯನ್ಸ್, ಅಂದರೆ ಇಟನ್ ಶಾಲೆಯಲ್ಲಿ ಓದಿದ ದೊಡ್ಡ ಮನೆತನದವರು. ಇನ್ನೊಂದು ಕಡೆ ಲ್ಯಾಂಕಶೈರಿನ ಗಿರಣಿ ಊರಿನ ಬ್ಲ್ಯಾಕ್‌ಬರ್ನ್ ಒಲಿಂಪಿಕ್. ಅವರಲ್ಲಿ ನೇಕಾರರಿದ್ದರು, ಕಬ್ಬಿಣ ಎರಕ ಹೊಯ್ಯುವ ಕೆಲಸಗಾರರಿದ್ದರು, ಒಬ್ಬ ನಲ್ಲಿ ರಿಪೇರಿಯವನು ಕ್ಯಾಪ್ಟನ್. ದುಡ್ಡು ಹಾಕಿದವನು ಒಬ್ಬ ಫೌಂಡ್ರಿ ಮಾಲೀಕ. ಫೈನಲ್‌ಗೆ ಮೊದಲು ತಂಡವನ್ನು ಸಮುದ್ರದ ಬದಿಯ ಬ್ಲ್ಯಾಕ್‌ಪೂಲ್‌ಗೆ ಕರೆದೊಯ್ದು ತಾಲೀಮು ಕೊಡಿಸಿದರು. ಆ ಕಾಲಕ್ಕೆ ಇದು ಹೊಸ ಸಂಗತಿ. ಆಟಕ್ಕೆ ತಾಲೀಮು ಮಾಡುವುದು ದೊಡ್ಡವರ ಕಣ್ಣಿಗೆ ಒಂಥರಾ ಮೋಸ.

ಆಡುವ ರೀತಿಯೂ ಬೇರೆ. ಶ್ರೀಮಂತ ಶಾಲೆಯ ಹುಡುಗ ಚೆಂಡು ಸಿಕ್ಕರೆ ಒಬ್ಬನೇ ತೆಗೆದುಕೊಂಡು ಓಡುತ್ತಿದ್ದ. ಗಿರಣಿಯವರು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದರು. ನೂಲುವವನು ನೇಯುವವನಿಗೆ ಕೊಡಬೇಕು, ನೇಯುವವನು ಬಣ್ಣದವನಿಗೆ. ಪಾಸ್ ಕೊಡುವುದು ಅವರ ದಿನದ ಕೆಲಸದಲ್ಲೇ ಇತ್ತು ಅನ್ನುವುದು ನನ್ನ ಊಹೆ. ಇತಿಹಾಸಕಾರರು ಇದನ್ನು ಇಷ್ಟು ಸಲೀಸಾಗಿ ಒಪ್ಪಲಿಕ್ಕಿಲ್ಲ, ಇರಲಿ. ಪಂದ್ಯ ಒಂದೊಂದು ಗೋಲಿಗೆ ನಿಂತಿತ್ತು. ಹೆಚ್ಚುವರಿ ಸಮಯದಲ್ಲಿ ಕಾಸ್ಟ್ಲಿ ಅನ್ನುವ ನೂಲುವವನು ಗೆಲುವಿನ ಗೋಲು ಹೊಡೆದ. ಅಲ್ಲಿಂದ ಮುಂದೆ ಯಾವ ಹಳೆ ವಿದ್ಯಾರ್ಥಿಗಳ ತಂಡವೂ ಆ ಕಪ್ ಮುಟ್ಟಲಿಲ್ಲ. ಎರಡು ವರ್ಷದಲ್ಲಿ, 1885ರಲ್ಲಿ, ಆಟಗಾರರಿಗೆ ಸಂಬಳ ಕೊಡಬಹುದು ಅಂತ ಅಸೋಸಿಯೇಷನ್ ಒಪ್ಪಬೇಕಾಯಿತು.

ದುಡ್ಡಿಗೆ ಆಡುವುದು ಕೀಳು, ಪ್ರೀತಿಗೆ ಆಡುವುದು ಮೇಲು ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. ಕೇಳಲು ಚೆನ್ನಾಗಿದೆ. ಆದರೆ ಈ ಮಾತು ಎಲ್ಲಿ ಹುಟ್ಟಿತು ನೋಡಿ. 1866ರಲ್ಲಿ ಲಂಡನ್ನಿನಲ್ಲಿ ಶುರುವಾದ ಅಮೆಚೂರ್ ಅಥ್ಲೆಟಿಕ್ ಕ್ಲಬ್ಬಿನ ನಿಯಮದಲ್ಲಿ ಮೆಕ್ಯಾನಿಕ್, ಕುಶಲಕರ್ಮಿ, ಕೂಲಿ ಮಾಡುವವನು ಅಮೆಚೂರ್, ಅಂದರೆ ಪ್ರೀತಿಗೆ ಆಡುವವನು, ಅಲ್ಲವೇ ಅಲ್ಲ ಅಂತ ಬರೆದಿತ್ತು. ಅವನು ಆಟಕ್ಕೆ ಒಂದು ಕಾಸೂ ಮುಟ್ಟಿರಬೇಕಿಲ್ಲ. ಕೈಯಲ್ಲಿ ಕೆಲಸ ಮಾಡುತ್ತಾನೆ, ಅಷ್ಟು ಸಾಕು. ಇಂಗ್ಲಿಷ್ ಕ್ರಿಕೆಟ್ಟಿನಲ್ಲಿ 1962ರವರೆಗೂ 'ಜಂಟಲ್‌ಮನ್' ಮತ್ತು 'ಪ್ಲೇಯರ್ಸ್' ಅಂತ ಎರಡು ಜಾತಿ ಇದ್ದವು. ಸ್ಕೋರ್‌ಕಾರ್ಡಿನಲ್ಲಿ ಜಂಟಲ್‌ಮನ್‌ಗೆ ಇನಿಷಿಯಲ್ ಹೆಸರಿನ ಮುಂಚೆ, ಸಂಬಳದವನಿಗೆ ಹೆಸರಾದ ಮೇಲೆ. ಇನಿಷಿಯಲ್ ನೋಡಿ ಜಾತಿ ಹೇಳುವ ವಿದ್ಯೆ ನಮಗೊಬ್ಬರಿಗೇ ಗೊತ್ತು ಅಂದುಕೊಂಡಿದ್ದೆವು, ಅಲ್ವಾ?

ರಗ್ಬಿ ಒಡೆದದ್ದೂ ಕೂಲಿಯ ವಿಷಯಕ್ಕೆ. ಉತ್ತರದ ತಂಡಗಳಲ್ಲಿ ಗಣಿ ಕೆಲಸದವರು, ಗಿರಣಿಯವರು. ದೂರದ ಪಂದ್ಯಕ್ಕೆ ಹೋದರೆ ಶನಿವಾರ ಬೆಳಗಿನ ಕೂಲಿ ಹೋಗುತ್ತಿತ್ತು. ಅಷ್ಟನ್ನು ಕಟ್ಟಿಕೊಡಿ ಅಂತ ಕೇಳಿದರು. ದಕ್ಷಿಣದವರು ಆಗುವುದಿಲ್ಲ ಅಂದರು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಒಂದು ಹೋಟೆಲಿನಲ್ಲಿ ಉತ್ತರದವರು ಸೇರಿ, ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳು ಬೇರೆಯಾಗಿಬಿಟ್ಟವು. ಇವತ್ತು ರಗ್ಬಿ ಯೂನಿಯನ್, ರಗ್ಬಿ ಲೀಗ್ ಅಂತ ಎರಡು ಆಟ ಇರುವುದು ಅರ್ಧ ದಿನದ ಕೂಲಿಯಿಂದ.

ಇದನ್ನು ಓದಿದಾಗ ನನಗೆ ನೆನಪಾದದ್ದು ಮಾವನ ಊರಿನ ಕಬಡ್ಡಿ ರೈಡರ್. ಹೆಸರು ಬೇಡ. ತೋಟದ ಕೆಲಸಕ್ಕೆ ಬರುತ್ತಿದ್ದ, ಕೊನೆಗಾರ, ಅಂದರೆ ಅಡಿಕೆ ಗೊನೆ ಕೊಯ್ಯುವವನು. ಬೆಳಿಗ್ಗೆ ಅಡಿಕೆ ಮರ ಹತ್ತಿ, ಮರದಿಂದ ಮರಕ್ಕೆ ತೂಗಿ ದಾಟುತ್ತಿದ್ದವನಿಗೆ ರಾತ್ರಿ ಆರು ಜನರ ಕೈ ತಪ್ಪಿಸಿ ಬರುವುದು ದೊಡ್ಡದಾಗಿ ಕಾಣುತ್ತಿರಲಿಲ್ಲ. ಆದರೆ ಬೇರೆ ತಾಲೂಕಿನ ಪಂದ್ಯ ಅಂದರೆ ಮುಖ ಸಣ್ಣ ಮಾಡುತ್ತಿದ್ದ. ಕೊನೆ ಕೊಯ್ಲಿನ ದಿನಗಳಲ್ಲಿ ಒಂದು ದಿನದ ಕೂಲಿ ಬಿಡುವುದು ಕಡಿಮೆ ನಷ್ಟವಲ್ಲ. ತಂಡದವರು ಒಂದು ಉಪಾಯ ಮಾಡಿದರು. ಮ್ಯಾಚಿನ ದಿನ ಅವನ ಕೂಲಿಯನ್ನು ಉಳಿದ ಆರು ಜನ ಹಂಚಿಕೊಂಡು ಕೊಡುವುದು. ಹಡರ್ಸ್‌ಫೀಲ್ಡ್‌ನವರು ಸಭೆ ಸೇರಿ ಕೇಳಿದ್ದನ್ನು ನಮ್ಮವರು ಚಹಾದಂಗಡಿಯಲ್ಲಿ ಎರಡು ನಿಮಿಷಕ್ಕೆ ಬಗೆಹರಿಸಿದ್ದರು. ಆಮೇಲೆ ಒಬ್ಬ ತೋಟದ ಯಜಮಾನರಿಗೆ ಇದು ಗೊತ್ತಾಗಿ "ಓಹೋ, ಆಡಕ್ಕೂ ಕೂಲಿ ಶುರುವಾಯ್ತಾ?" ಅಂತ ಆಡಿಕೊಂಡರು. ಅವನು ಆಟವನ್ನೇ ಬಿಟ್ಟ.

ನಮ್ಮ ದೇಶ ಇದಕ್ಕೆ ಕಂಡುಕೊಂಡ ದಾರಿ ಸ್ಪೋರ್ಟ್ಸ್ ಕೋಟಾ. ರೈಲ್ವೆ, ಪೊಲೀಸ್, ಬ್ಯಾಂಕು, ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳು. ಹೆಸರಿಗೆ ಗುಮಾಸ್ತ, ಕೆಲಸ ಫುಟ್‌ಬಾಲ್. ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತ್ತು. ಆಮೇಲೆ ಮತ್ತೆ ಗೆದ್ದದ್ದು 2023ರಲ್ಲಿ, 54 ವರ್ಷ ಆದ ಮೇಲೆ. ನಡುವೆ ಆ ಕಾರ್ಖಾನೆಗಳ ತಂಡಗಳೂ ಬಡವಾದವು. ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಆದರೆ ಕಾರಣಗಳಲ್ಲಿ ಇದೂ ಒಂದು ಅಂತ ನಂಬುತ್ತೇನೆ.

ಇನ್ನೊಂದು ಹೆಸರು ಹೇಳದೆ ಮುಂದೆ ಹೋಗಲಾರೆ. ಪಾಲ್ವಂಕರ್ ಬಾಲೂ. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದವರು, ದಲಿತರು. ಪುಣೆಯ ಕ್ಲಬ್ಬಿನಲ್ಲಿ ಪಿಚ್ ಗುಡಿಸುವುದು, ರೋಲರ್ ಎಳೆಯುವುದು, ನೆಟ್ ಕಟ್ಟುವುದು ಅವರ ಕೆಲಸ. ಬಿಡುವಿದ್ದಾಗ ಬ್ರಿಟಿಷ್ ಅಧಿಕಾರಿಗಳಿಗೆ ನೆಟ್ಸ್‌ನಲ್ಲಿ ಬೌಲ್ ಮಾಡುತ್ತಿದ್ದರು. ಎಡಗೈ ಸ್ಪಿನ್. ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಾಯಿತು, ಆದರೆ ಚಹಾ ಮಾತ್ರ ಪೆವಿಲಿಯನ್ ಹೊರಗೆ, ಬೇರೆ ಲೋಟದಲ್ಲಿ. ಚೆಂಡು ಎಲ್ಲರ ಕೈ ದಾಟಿ ಬರಬಹುದು, ಲೋಟ ಬರಬಾರದು! 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ಅವರು 114 ವಿಕೆಟ್ ತೆಗೆದರು. ಅಷ್ಟಾದರೂ ಹಿಂದೂ ತಂಡದ ನಾಯಕ ಅವರಾಗಲಿಲ್ಲ. 1923ರಲ್ಲಿ ತಮ್ಮ ವಿಠ್ಠಲ್ ಆದರು.

ಆ ಕಾಲದ ಮುಂಬೈ ಟೂರ್ನಿ ಧರ್ಮದ ಲೆಕ್ಕದಲ್ಲೇ ನಡೆಯುತ್ತಿತ್ತು. ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು, ಮುಸ್ಲಿಮರು, 1937ರಿಂದ 'ಉಳಿದವರು' ಅಂತ ಐದನೇ ತಂಡ. 1946ರ ಹೊತ್ತಿಗೆ ಅದು ನಿಂತಿತು. ನಿಂತಿತು ಅಂತ ನಾನು ಪಾಠ ಮಾಡುತ್ತಿದ್ದೆ. ಈಗ ನೋಡಿದರೆ ನಮ್ಮ ತಾಲೂಕುಗಳಲ್ಲಿ ಜಾತಿಗೊಂದು ಪ್ರೀಮಿಯರ್ ಲೀಗ್. ಆಟಗಾರರ ಹರಾಜು ಇದೆ, ಬಣ್ಣದ ಜೆರ್ಸಿ ಇದೆ, ಯೂಟ್ಯೂಬ್‌ನಲ್ಲಿ ನೇರಪ್ರಸಾರ ಇದೆ, ಆದರೆ ಬೇರೆ ಜಾತಿಯ ಹುಡುಗನಿಗೆ ಜಾಗ ಇಲ್ಲ. ಕೊಡವರ ಕುಟುಂಬ ಹಾಕಿಯನ್ನು ಇದರ ಜೊತೆ ಸೇರಿಸಬೇಡಿ ಅಂತ ಅಲ್ಲಿಯ ಸ್ನೇಹಿತರು ನನ್ನ ಜೊತೆ ಜಗಳ ಆಡುತ್ತಾರೆ. 1997ರಲ್ಲಿ ಕರಡದಲ್ಲಿ ಶುರುವಾದ ಆ ಹಬ್ಬದಲ್ಲಿ ಒಂದು ಮನೆತನದ ಹೆಣ್ಣು ಗಂಡು ಒಂದೇ ತಂಡದಲ್ಲಿ ಆಡುತ್ತಾರೆ. ಅಷ್ಟರ ಮಟ್ಟಿಗೆ ಅವರ ಮಾತಿಗೆ ತಲೆಬಾಗುತ್ತೇನೆ.

ಅಜ್ಜಿಯ ಅಂಗಳಕ್ಕೆ ವಾಲಿಬಾಲ್ ಹೇಗೆ ಬಂತು ಅಂತ ಹೇಳುವುದು ಬಾಕಿ ಇದೆ. ಅದು ಹುಟ್ಟಿದ್ದು 1895ರಲ್ಲಿ ಅಮೆರಿಕದ ಹೋಲಿಯೋಕ್‌ನಲ್ಲಿ. ಯಾವ ಊರು ಅದು ಗೊತ್ತಾ? ಕಾಗದದ ಊರು. ಹೊಳೆಯ ನೀರು ನಂಬಿಕೊಂಡು ಸಾಲು ಸಾಲು ಕಾಗದದ ಕಾರ್ಖಾನೆಗಳು. ಭದ್ರೆಯ ದಡದಲ್ಲಿ ನಿಮ್ಮದೂ ಒಂದು ಇತ್ತಲ್ಲ, ಹಾಗೆ. ಅಲ್ಲಿಯ ವೈ.ಎಂ.ಸಿ.ಎ. ಅನ್ನುವ ಕ್ರೈಸ್ತ ಯುವಕರ ಸಂಘದಲ್ಲಿ ವಿಲಿಯಂ ಮಾರ್ಗನ್ ದೈಹಿಕ ಶಿಕ್ಷಕ. ಸಂಜೆ ಕೆಲಸ ಮುಗಿಸಿ ಬರುವ ನಡುವಯಸ್ಸಿನ ವ್ಯಾಪಾರಸ್ಥರಿಗೆ ಬ್ಯಾಸ್ಕೆಟ್‌ಬಾಲ್ ಸುಸ್ತಾಗುತ್ತಿತ್ತು. ಯಾರೂ ಯಾರಿಗೂ ಡಿಕ್ಕಿ ಹೊಡೆಯದ ಆಟ ಬೇಕಿತ್ತು. ನಡುವೆ ನೆಟ್ ಕಟ್ಟಿದರು. ವೈ.ಎಂ.ಸಿ.ಎ. ಆ ಆಟವನ್ನು ಊರೂರಿಗೆ ಹೊತ್ತೊಯ್ಯಿತು. 1920ರಲ್ಲಿ ಹ್ಯಾರಿ ಬಕ್ ಅನ್ನುವವರು ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ತೆರೆದರು. ಅಂಥ ಕಾಲೇಜುಗಳಲ್ಲಿ ಕಲಿತವರು ಮೇಷ್ಟ್ರಾದರು, ಅವರಿಂದ ಇನ್ನಷ್ಟು ಮೇಷ್ಟ್ರುಗಳು. ಹೋಲಿಯೋಕ್‌ನಲ್ಲಿ ಊದಿದ ಪೀಪಿ ಸೊರಬ ಮುಟ್ಟಲು ಸುಮಾರು ಮುಕ್ಕಾಲು ಶತಮಾನ ಹಿಡಿಯಿತು.

ನಮ್ಮ ಆಟಗಳೂ ಇದೇ ದಾರಿ ಹಿಡಿದವು. ಕಬಡ್ಡಿ ನೋಡಿ. ಮೊದಲು ಉಸಿರೇ ಗಡಿಯಾರ. ನಿಮ್ಮ ಎದೆಯಲ್ಲಿ ಎಷ್ಟು ಹೊತ್ತಿನ ಉಸಿರಿದೆಯೋ ಅಷ್ಟು ಹೊತ್ತು ನೀವು ಆಚೆ ಇರಬಹುದು. ಎಂಥ ಸೊಗಸಾದ ನಿಯಮ! ಮಹಾರಾಷ್ಟ್ರದ ಸಂಘಗಳು ನಿಯಮ ಬರೆದವು, 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ಹೊತ್ತಿಗೆ ಅಲ್ಲಿ ಪ್ರದರ್ಶನವಾಯಿತು, 1990ರಲ್ಲಿ ಏಷ್ಯನ್ ಗೇಮ್ಸ್ ಸೇರಿತು. ಈಗ ರೈಡಿಗೆ 30 ಸೆಕೆಂಡ್. ಬಾಯಲ್ಲಿ 'ಕಬಡ್ಡಿ ಕಬಡ್ಡಿ' ಇದೆ, ಆದರೆ ಕಣ್ಣು ಡಿಜಿಟಲ್ ಬೋರ್ಡಿನ ಮೇಲೆ. ಮಣ್ಣು ಹೋಗಿ ಮ್ಯಾಟ್ ಬಂತು. ಮ್ಯಾಟ್ ಬಂದ ಮೇಲೆ ಬೂಟು ಬಂತು. ಬೂಟಿಗೆ ದುಡ್ಡು ಬೇಕು. ಕುಸ್ತಿಯೂ ಹಾಗೇ. ಗರಡಿಯ ಮಣ್ಣಿನಲ್ಲಿ ಬೆನ್ನು ನೆಲಕ್ಕೆ ಬಿದ್ದು ಚಿತ್ ಆಗುವವರೆಗೆ ಹಿಡಿಯುತ್ತಿದ್ದ ಪೈಲ್ವಾನರಿಗೆ ಮ್ಯಾಟಿನ ಮೇಲೆ ಮೂರು ಮತ್ತು ಮೂರು, ಒಟ್ಟು ಆರೇ ನಿಮಿಷ.

2020ರಲ್ಲಿ ಕರಾವಳಿಯ ಒಬ್ಬ ಕಂಬಳದ ಓಟಗಾರ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಮೊಬೈಲಿನಲ್ಲಿ ಭಾಗಾಕಾರ ಮಾಡಿ 100 ಮೀಟರಿಗೆ 9.55, ಬೋಲ್ಟ್‌ಗಿಂತ ವೇಗ ಅಂದುಬಿಟ್ಟರು. ದೇಶಕ್ಕೆ ದೇಶವೇ ಹುಚ್ಚೆದ್ದಿತು. ಎದುರಿಗೆ ಎರಡು ಕೋಣ ಎಳೆಯುತ್ತಿವೆ, ಕಾಲಡಿ ಕೆಸರು ನೀರು. ಯಾವುದರ ಜೊತೆ ಯಾವುದನ್ನು ಅಳೆಯುತ್ತಿದ್ದೇವೆ? ಟ್ರಯಲ್ಸ್‌ಗೆ ಬನ್ನಿ ಅಂತ ಕರೆದರೆ ಆತ ಹೋಗಲಿಲ್ಲ. ಕಂಬಳ ಹಿಮ್ಮಡಿಯ ಆಟ, ಟ್ರ್ಯಾಕು ಬೆರಳಿನ ಆಟ ಅನ್ನುವ ಅರ್ಥದ ಮಾತು ಹೇಳಿದರು. ಚಿನ್ನಿಯನ್ನು ಅದರ ದಾಂಡಿನಿಂದಲೇ ಅಳೆಯಬೇಕು ಅಂತ ಗೊತ್ತಿದ್ದ ಮನುಷ್ಯ.

ಹೆಣ್ಣುಮಕ್ಕಳು ಆಗಿನಿಂದ ನನ್ನ ಮುಖ ನೋಡುತ್ತಿದ್ದೀರಿ, ನಮ್ಮ ಸುದ್ದಿ ಎಲ್ಲಿ ಅಂತ. ಬಂದೆ. ಮೊದಲ ಮಹಾಯುದ್ಧದಲ್ಲಿ ಗಂಡಸರು ರಣರಂಗಕ್ಕೆ ಹೋದರು. ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿ ಡಿಕ್, ಕೆರ್ ಅನ್ನುವ ಕಾರ್ಖಾನೆ ಮದ್ದುಗುಂಡು ಮಾಡಲು ಹೆಂಗಸರನ್ನು ಸೇರಿಸಿಕೊಂಡಿತು. ಊಟದ ಬಿಡುವಿನಲ್ಲಿ ಅವರು ಫುಟ್‌ಬಾಲ್ ಆಡತೊಡಗಿದರು. 1917ರಲ್ಲಿ ತಂಡವಾಯಿತು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನಲ್ಲಿ ಅವರ ಪಂದ್ಯ ನೋಡಲು 53,000 ಜನ ಸೇರಿದ್ದರು. ಜಾಗ ಸಿಗದೆ ಹಿಂದೆ ಹೋದವರು ಸಾವಿರಾರು. ಬಂದ ದುಡ್ಡೆಲ್ಲ ಗಾಯಾಳು ಸೈನಿಕರಂಥವರ ನೆರವಿಗೆ. ಒಂದು ವರ್ಷವೂ ಆಗಲಿಲ್ಲ. 1921ರ ಡಿಸೆಂಬರ್ 5ರಂದು ಫುಟ್‌ಬಾಲ್ ಅಸೋಸಿಯೇಷನ್ ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಅಂತ ತೀರ್ಮಾನಿಸಿ, ತನ್ನ ಕ್ಲಬ್ಬುಗಳ ಮೈದಾನ ಕೊಡಬೇಡಿ ಅಂದಿತು. ಸುಮಾರು 50 ವರ್ಷ ಆ ನಿಷೇಧ ಇತ್ತು. ಕಾರ್ಖಾನೆಯ ಊಟದ ಬಿಡುವು ಕೊಟ್ಟದ್ದನ್ನು ಒಂದು ಕಮಿಟಿ ಕಿತ್ತುಕೊಂಡಿತು.

ನಮ್ಮಲ್ಲಿ ಯಾರೂ ನಿಷೇಧ ಮಾಡಲಿಲ್ಲ. ಮಾಡಬೇಕಾದ ಅಗತ್ಯವೇ ಬರಲಿಲ್ಲ. ಅಡಿಕೆ ಸುಗ್ಗಿಯ ರಾತ್ರಿ ನೆನಪಿಸಿಕೊಳ್ಳಿ. ಅಂಗಳದಲ್ಲಿ ಹೊನಲು ಬೆಳಕಿನ ವಾಲಿಬಾಲ್, ಮೈಕಿನಲ್ಲಿ ಕಾಮೆಂಟರಿ. ಪಕ್ಕದ ಚಪ್ಪರದಲ್ಲಿ ಹೆಂಗಸರು ಮೆಟ್ಟುಗತ್ತಿ ಮೇಲೆ ಕೂತು ಹನ್ನೊಂದು, ಹನ್ನೆರಡು ಗಂಟೆಯವರೆಗೆ ಅಡಿಕೆ ಸುಲಿಯುತ್ತಿದ್ದರು. ಕೂಲಿ ಡಬ್ಬದ ಲೆಕ್ಕ. ಎರಡೂ ಕಡೆಗೆ ಒಂದೇ ಲೈಟು. ಚೆಂಡು ಸುಲಿದ ಅಡಿಕೆಯ ರಾಶಿ ಮೇಲೆ ಬಿದ್ದರೆ ಎಸೆದು ಕೊಡುವುದಷ್ಟೇ ಆ ಆಟದಲ್ಲಿ ಅವರ ಪಾಲು. ಈಗ ಸುಲಿಯುವ ಯಂತ್ರ ಬಂದಿದೆ. ಮಾವನ ಊರಿನಲ್ಲಿ ಬಾಡಿಗೆಗೆ ತರಿಸುತ್ತಾರೆ. ಎಷ್ಟೋ ಮನೆಗಳಲ್ಲಿ ರಾತ್ರಿಯ ಮೆಟ್ಟುಗತ್ತಿ ಅಟ್ಟ ಸೇರಿತು.

ಹಾಗಾಗಿ ಹೋದ ವರ್ಷ ಅಲ್ಲಿ ಮೊದಲ ಸಲ ಮಹಿಳೆಯರ ಥ್ರೋಬಾಲ್ ಇಟ್ಟರು. ನಾನೂ ಹೋಗಿದ್ದೆ. ಗಂಡಸರ ಪಂದ್ಯ ರಾತ್ರಿ ಎಂಟರಿಂದ ಬೆಳಗಿನವರೆಗೆ. ಮಹಿಳೆಯರದ್ದು ಸಂಜೆ ನಾಲ್ಕೂವರೆಗೆ. ಮೈಕಿನವನು ಮೂರು ಸಲ ಹೇಳಿದ: "ಎಲ್ಲ ತಂಡದವರೂ ಬೇಗ ಬರಬೇಕು, ಆರು ಗಂಟೆ ಒಳಗೆ ಮುಗಿಸಬೇಕು, ಹಾಲು ಕರೆಯೋ ಹೊತ್ತಾಗುತ್ತೆ." ಫೈನಲ್ ಮೂರನೇ ಸೆಟ್‌ಗೆ ಹೋಯಿತು. ನಮ್ಮ ಮಾವನ ಸೊಸೆ ಒಂದು ತಂಡದ ಕ್ಯಾಪ್ಟನ್. 14-12. ಇನ್ನೊಂದೇ ಪಾಯಿಂಟು. ಅಷ್ಟರಲ್ಲಿ ಅಂಗಳದಾಚೆಯ ಕೊಟ್ಟಿಗೆಯಿಂದ ಹಸು ಕೂಗಿತು. ಅವಳು ಒಮ್ಮೆ ಆ ಕಡೆ ನೋಡಿದಳು. ಇನ್ನೊಮ್ಮೆ ಕೂಗಿತು. ಪಕ್ಕದ ಮನೆಯವಳ ಕೈ ಹಿಡಿದು ಇಬ್ಬರೂ ಕೋರ್ಟ್ ಬಿಟ್ಟು ನಡೆದೇಬಿಟ್ಟರು. ರೆಫ್ರಿ ಪೀಪಿಯನ್ನು ಬಾಯಿಯಿಂದ ತೆಗೆದು, ಏನು ಮಾಡುವುದು ತೋಚದೆ ನಿಂತರು.

ಉಳಿದ ಐದು ಜನ ಆಡಿ ಆ ಪಾಯಿಂಟ್ ತೆಗೆದರು. ಬಹುಮಾನ ಕೊಡುವಾಗ ಕ್ಯಾಪ್ಟನ್ ಬರಬೇಕು, ಕ್ಯಾಪ್ಟನ್ ಬರಬೇಕು ಅಂತ ಮೈಕಿನಲ್ಲಿ ಕರೆದರು. ಕೊಟ್ಟಿಗೆಯಿಂದ ಪಾತ್ರೆಗೆ ಹಾಲು ಬೀಳುವ ಸದ್ದು ಕೇಳುತ್ತಿತ್ತು. ಕೊನೆಗೆ ಅವಳ ಆರು ವರ್ಷದ ಮಗ ಹೋಗಿ ಕಪ್ ತೆಗೆದುಕೊಂಡು ಬಂದ.